1914ರ ಬಾಸ್ಟನ್ ಬ್ರೇವ್ಸ್: ‘ಪವಾಡ’ ಎಂಬ ಮಾತು ಆ ತಂಡಕ್ಕೆ ಸಲ್ಲುತ್ತದೆಯೇ?

ಮೈಸೂರಿನ ಸದಸ್ಯ (ಚರ್ಚೆ ಆರಂಭಿಸಿದವರು)

ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನ ಹಳೆಯ ಸೀಸನ್‌ಗಳಲ್ಲಿ ನನ್ನನ್ನು ಬಹುಕಾಲದಿಂದ ಹಿಡಿದಿಟ್ಟಿರುವುದು 1914ರ ಬಾಸ್ಟನ್ ಬ್ರೇವ್ಸ್ ತಂಡದ ಸೀಸನ್. ಜುಲೈ 4ರಂದು ಬ್ರೂಕ್ಲಿನ್ ತಂಡಕ್ಕೆ ಒಂದೇ ದಿನ ಎರಡು ಪಂದ್ಯ ಸೋತ ಬ್ರೇವ್ಸ್, ಎಂಟು ತಂಡಗಳ ನ್ಯಾಷನಲ್ ಲೀಗ್‌ನಲ್ಲಿ ಕಟ್ಟಕಡೆಯ ಸ್ಥಾನದಲ್ಲಿತ್ತು. ಆಗ ಅದರ ಗೆಲುವು 26, ಸೋಲು 40. ಮೊದಲ ಸ್ಥಾನದಲ್ಲಿದ್ದ ನ್ಯೂಯಾರ್ಕ್ ಜೈಂಟ್ಸ್‌ಗಿಂತ 15 ಪಂದ್ಯ ಹಿಂದೆ. ಸೀಸನ್ ಮುಗಿಯುವ ಹೊತ್ತಿಗೆ ಅದೇ ತಂಡ 94 ಗೆದ್ದು 59 ಸೋತು, ಅದೇ ಜೈಂಟ್ಸ್‌ಗಿಂತ ಹತ್ತೂವರೆ ಪಂದ್ಯ ಮುಂದಿದ್ದು ಲೀಗ್ ಗೆದ್ದಿತು. ಆಮೇಲೆ ನ್ಯಾಷನಲ್ ಮತ್ತು ಅಮೆರಿಕನ್ ಲೀಗ್‌ಗಳ ವಿಜೇತರು ಸೆಣಸುವ ವರ್ಲ್ಡ್ ಸೀರೀಸ್‌ನಲ್ಲಿ, ಹಿಂದಿನ ನಾಲ್ಕು ವರ್ಷಗಳಲ್ಲಿ ಮೂರು ಸಲ ಪ್ರಶಸ್ತಿ ಪಡೆದಿದ್ದ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡವನ್ನು ಸತತ ನಾಲ್ಕು ಪಂದ್ಯಗಳಲ್ಲಿ ಸೋಲಿಸಿತು. ಅಂದಿನಿಂದ ಇಂದಿನವರೆಗೆ ಆ ತಂಡಕ್ಕೆ ‘ಪವಾಡದ ಬ್ರೇವ್ಸ್’ ಎಂಬ ಹೆಸರೇ ಅಂಟಿಕೊಂಡಿದೆ.

ಆ ಹೆಸರಿನ ಬಗ್ಗೆಯೇ ನನ್ನ ತಕರಾರು. ಪವಾಡ ಎಂದರೆ ಯಾರೂ ಮಾಡದೆ ತಾನಾಗಿ ಆದದ್ದು ಎಂಬ ಅರ್ಥ ಬರುತ್ತದೆ. ಆದರೆ ಆ ಬೇಸಿಗೆಯಲ್ಲಿ ಆದದ್ದನ್ನು ಮಾಡಿದವರು ಇದ್ದರು, ಅವರು ಅದನ್ನು ಹೇಗೆ ಮಾಡಿದರೆಂಬುದನ್ನು ಇವತ್ತಿಗೂ ಒಂದೊಂದಾಗಿ ತೋರಿಸಬಹುದು. ಮ್ಯಾನೇಜರ್ ಜಾರ್ಜ್ ಸ್ಟಾಲಿಂಗ್ಸ್ 1913ರಲ್ಲಿ ಕೈಗೆತ್ತಿಕೊಂಡ ತಂಡ ಅದಕ್ಕೆ ಮೊದಲಿನ ನಾಲ್ಕು ವರ್ಷವೂ ಲೀಗ್‌ನಲ್ಲಿ ಕೊನೆಯ ಸ್ಥಾನ ಪಡೆದಿತ್ತು. ಅವರ ಮೊದಲ ವರ್ಷದಲ್ಲೇ ಅದು ಐದನೆಯ ಸ್ಥಾನಕ್ಕೆ ಏರಿತು. ಹಾಗಾಗಿ 1914ರ ಕಥೆಯನ್ನು ಜುಲೈ 4ರಿಂದ ಶುರುಮಾಡುವುದೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಉಳಿದವರು ಏನು ಹೇಳುತ್ತೀರಿ ಎಂದು ತಿಳಿಯುವ ಆಸೆಯಿದೆ.

ಶಿವಮೊಗ್ಗದ ನಿವೃತ್ತ ಗಣಿತ ಶಿಕ್ಷಕ

ನಿಮ್ಮ ವಾದಕ್ಕೆ ನೀವು ಕೊಟ್ಟ ಅಂಕಿಗಳೇ ಸಾಕ್ಷಿ ನುಡಿಯುತ್ತವೆ, ಆದರೆ ನೀವು ಅವನ್ನು ಪೂರ್ತಿ ಬಿಡಿಸಿ ನೋಡಿಲ್ಲ. ಬ್ರೇವ್ಸ್ ಆ ಸೀಸನ್ ಆರಂಭಿಸಿದ್ದು 4 ಗೆಲುವು, 18 ಸೋಲಿನೊಂದಿಗೆ. ಜುಲೈ 4ರ 26–40ರಿಂದ ಇದನ್ನು ಕಳೆದರೆ ಉಳಿಯುವುದು 22 ಗೆಲುವು, 22 ಸೋಲು. ಅಂದರೆ ಆ ಕೆಟ್ಟ ಆರಂಭದ ನಂತರ, ಎಲ್ಲರೂ ಕೈಬಿಟ್ಟಿದ್ದ ಹೊತ್ತಿನಲ್ಲಿ, ಈ ತಂಡ ಆಗಲೇ ಸಮಸಮನಾಗಿ ಆಡುತ್ತಿತ್ತು. ಪಟ್ಟಿಯಲ್ಲಿ ಮಾತ್ರ ಅದು ತಳದಲ್ಲಿ ಕಾಣುತ್ತಿತ್ತು, ಏಕೆಂದರೆ ಏಪ್ರಿಲ್ ಮತ್ತು ಮೇ ತಿಂಗಳ ಸಾಲವನ್ನು ಜುಲೈನಲ್ಲೂ ತೀರಿಸುತ್ತಿತ್ತು.

‘ಎಷ್ಟು ಪಂದ್ಯ ಹಿಂದೆ’ ಎಂಬ ಲೆಕ್ಕ ಕ್ರಿಕೆಟ್ ನೋಡಿ ಬೆಳೆದವರಿಗೆ ಗೊಂದಲವಾಗಬಹುದು. ಎರಡು ತಂಡಗಳ ಗೆಲುವಿನ ವ್ಯತ್ಯಾಸಕ್ಕೆ ಸೋಲಿನ ವ್ಯತ್ಯಾಸವನ್ನು ಕೂಡಿಸಿ ಅರ್ಧ ಮಾಡಬೇಕು. ಸೀಸನ್ ಕೊನೆಯಲ್ಲಿ ಬ್ರೇವ್ಸ್ 94–59, ಜೈಂಟ್ಸ್ 84–70. ಹತ್ತಕ್ಕೆ ಹನ್ನೊಂದು ಕೂಡಿಸಿ ಅರ್ಧ ಮಾಡಿದರೆ ಹತ್ತೂವರೆ ಬರುತ್ತದೆ. ಈ ಸೂತ್ರವನ್ನೇ ಹಿಂದಕ್ಕೆ ಓಡಿಸಿದರೆ ಇನ್ನೊಂದು ವಿಷಯ ಹೊರಬೀಳುತ್ತದೆ. ಜುಲೈ 4ರಂದು ಬ್ರೇವ್ಸ್‌ನ ಸೋಲು ಗೆಲುವಿಗಿಂತ 14 ಹೆಚ್ಚಿದ್ದು, ಅಂತರ 15 ಪಂದ್ಯವಾಗಿದ್ದರೆ, ಜೈಂಟ್ಸ್‌ನ ಗೆಲುವು ಸೋಲಿಗಿಂತ 16 ಹೆಚ್ಚಿರಲೇಬೇಕು. ಕೊನೆಯಲ್ಲಿ ಅದು 14ಕ್ಕೆ ಇಳಿಯಿತು. ಅಂದರೆ ಉಳಿದ ಮೂರು ತಿಂಗಳಲ್ಲಿ ಜೈಂಟ್ಸ್ ಗೆದ್ದದ್ದಕ್ಕಿಂತ ಸೋತದ್ದು ಎರಡೇ ಎರಡು ಪಂದ್ಯ ಹೆಚ್ಚು. ಅವರು ಕುಸಿದುಬೀಳಲಿಲ್ಲ, ನಿಂತಲ್ಲೇ ನಿಂತರು. ಅಷ್ಟರಲ್ಲಿ ಬ್ರೇವ್ಸ್ 68 ಗೆದ್ದು 19 ಮಾತ್ರ ಸೋತಿತು. ಒಟ್ಟು ಇಪ್ಪತ್ತೈದೂವರೆ ಪಂದ್ಯಗಳ ತಿರುವಿನಲ್ಲಿ ಇಪ್ಪತ್ನಾಲ್ಕೂವರೆಯಷ್ಟು ಬ್ರೇವ್ಸ್‌ನ ದುಡಿಮೆ, ಒಂದು ಪಂದ್ಯದಷ್ಟು ಮಾತ್ರ ಜೈಂಟ್ಸ್‌ನ ಕೊಡುಗೆ.

ಅದೃಷ್ಟದ ಮಾತನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ನಾಣ್ಯವನ್ನು 87 ಸಲ ಚಿಮ್ಮಿದಾಗ 68 ಸಲ ಒಂದೇ ಮುಖ ಬೀಳಬೇಕೆಂದರೆ, ಆ ಪ್ರಯೋಗವನ್ನು ಹತ್ತು ಲಕ್ಷ ಸಲ ಮಾಡಿದರೂ ಒಮ್ಮೆ ಬೀಳುವುದು ಅನುಮಾನ. ಸಮಬಲದ ತಂಡವೊಂದು ಬರೀ ಅದೃಷ್ಟದಿಂದ ಹಾಗೆ ಗೆಲ್ಲಲು ಸಾಧ್ಯವಿಲ್ಲ, ತಂಡವೇ ಬದಲಾಗಿತ್ತು.

ಬೆಂಗಳೂರಿನ ಸದಸ್ಯೆ

ಮೇಷ್ಟ್ರೇ, ಲೆಕ್ಕ ಒಪ್ಪಿದೆ. ಆದರೆ ಎದುರಾಳಿಗಳ ಸ್ಥಿತಿಯನ್ನು ಅಷ್ಟು ಬೇಗ ಪಕ್ಕಕ್ಕಿಡಬಾರದು. 1914ರಲ್ಲಿ ಫೆಡರಲ್ ಲೀಗ್ ಎಂಬ ಮೂರನೆಯ ದೊಡ್ಡ ಲೀಗ್ ಶುರುವಾಗಿ, ಎರಡೂ ಹಳೆಯ ಲೀಗ್‌ಗಳ ಆಟಗಾರರನ್ನು ಹೆಚ್ಚಿನ ಸಂಬಳ ಕೊಟ್ಟು ಸೆಳೆಯುತ್ತಿತ್ತು. ಆಟಗಾರ ತನ್ನ ತಂಡದ ಮಾಲೀಕನ ಒಪ್ಪಿಗೆಯಿಲ್ಲದೆ ಬೇರೆಡೆಗೆ ಹೋಗುವಂತಿಲ್ಲ ಎಂಬ ಷರತ್ತಿಗೆ ಕಟ್ಟುಬಿದ್ದಿದ್ದ ಕಾಲದಲ್ಲಿ ಅದು ದೊಡ್ಡ ಅಲುಗಾಟವೇ ಆಗಿತ್ತು. ಬ್ರೇವ್ಸ್‌ಗೆ ಅದರಿಂದ ಲಾಭವೂ ಆಯಿತು. ಶಿಕಾಗೊ ಕಬ್ಸ್‌ನಲ್ಲಿ ಆಟಗಾರನೂ ಮ್ಯಾನೇಜರೂ ಆಗಿದ್ದ ಜಾನಿ ಎವರ್ಸ್ ಅಲ್ಲಿಂದ ಹೊರಬಿದ್ದಾಗ, ಅವರು ಹೊಸ ಲೀಗ್‌ಗೆ ಹೋಗಬಾರದೆಂದು ನ್ಯಾಷನಲ್ ಲೀಗ್ ಆತುರಪಟ್ಟಿತು, ಅವರು ಬಾಸ್ಟನ್‌ಗೆ ಬಂದರು. ಅಂಥ ಸನ್ನಿವೇಶವಿಲ್ಲದಿದ್ದರೆ ಹಿಂದಿನ ವರ್ಷ ಐದನೆಯ ಸ್ಥಾನದಲ್ಲಿದ್ದ ತಂಡಕ್ಕೆ ಅವರಂಥ ಆಟಗಾರ ಸಿಗುತ್ತಿದ್ದರೇ?

ಇನ್ನೊಂದು ಮಾತು. ಆಗ ಕಪ್ಪು ವರ್ಣದ ಆಟಗಾರರಿಗೆ ಈ ಲೀಗ್‌ಗಳಲ್ಲಿ ಪ್ರವೇಶವೇ ಇರಲಿಲ್ಲ. ಆ ಬಾಗಿಲು ತೆರೆದದ್ದು 1947ರಲ್ಲಿ, ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡಕ್ಕೆ ಆಡಲು ಇಳಿದಾಗ. ಆ ಕಾಲದ ಯಾವ ತಂಡವನ್ನು ಹೊಗಳುವಾಗಲೂ ಈ ಸಂಗತಿ ನಮ್ಮ ಮನಸ್ಸಿನಲ್ಲಿರಬೇಕು.

ಮೈಸೂರಿನ ಸದಸ್ಯ

ನಿಮ್ಮ ಎರಡನೆಯ ಮಾತಿಗೆ ಪೂರ್ಣ ಸಹಮತವಿದೆ. ಮೊದಲನೆಯದನ್ನೂ ಅರ್ಧ ಒಪ್ಪುತ್ತೇನೆ: ಎವರ್ಸ್ ಸಿಕ್ಕಿದ್ದರಲ್ಲಿ ಕಾಲದ ಕೈವಾಡವಿತ್ತು. ಆದರೆ ಸಿಕ್ಕವರಿಂದ ಏನು ಮಾಡಿಸಿಕೊಂಡರು ಎಂಬುದು ಸ್ಟಾಲಿಂಗ್ಸ್‌ಗೆ ಸೇರಿದ್ದು. ಎವರ್ಸ್ ಅವರನ್ನು ನಾಯಕರನ್ನಾಗಿ ಮಾಡಿ, ಎರಡನೆಯ ಬೇಸಿನಲ್ಲಿ (ರನ್ ಗಳಿಸಲು ಓಟಗಾರ ಮುಟ್ಟಿ ಬರಬೇಕಾದ ನೆಲೆಗಳಲ್ಲಿ ಎರಡನೆಯದು) ನಿಲ್ಲಿಸಿ, ಅವರ ಪಕ್ಕದ, ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವಿನ ಶಾರ್ಟ್‌ಸ್ಟಾಪ್ ಜಾಗವನ್ನು ‘ರ‍್ಯಾಬಿಟ್’ ಎಂದೇ ಹೆಸರಾದ 22 ವರ್ಷದ ವಾಲ್ಟರ್ ಮರನ್‌ವಿಲ್‌ಗೆ ಕೊಟ್ಟರು. ಎವರ್ಸ್ ಮುಂಗೋಪಿ, ಅಂಪೈರ್‌ಗಳೊಂದಿಗೆ, ಎದುರಾಳಿಗಳೊಂದಿಗೆ, ತಮ್ಮದೇ ತಂಡದವರೊಂದಿಗೆ ಕೂಡ ಜಗಳಕ್ಕೆ ನಿಲ್ಲುವವರು. ಮರನ್‌ವಿಲ್ ಕುಳ್ಳಗಿನ, ಸದಾ ತಮಾಷೆ ಮಾಡುವ ಹುಡುಗ. ಆಕಾಶಕ್ಕೆ ಚಿಮ್ಮಿದ ಚೆಂಡನ್ನು ಎಲ್ಲರಂತೆ ಮುಖದ ಮುಂದೆ ಹಿಡಿಯದೆ, ಹೊಟ್ಟೆಯ ಮೇಲೆ ಬೀಳಲು ಬಿಟ್ಟು ಸೊಂಟಪಟ್ಟಿಯ ಹತ್ತಿರ ಅಂಗೈಯಲ್ಲಿ ಹಿಡಿಯುತ್ತಿದ್ದವರು. ಸ್ವಭಾವ ಇಷ್ಟು ಬೇರೆಯಾಗಿದ್ದರೂ, ಎದುರಾಳಿ ಹೊಡೆದ ಚೆಂಡು ಇವರಿಬ್ಬರನ್ನು ದಾಟಿ ಹೋಗುವುದು ಕಷ್ಟವಾಯಿತು. ಆ ವರ್ಷದ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕಾರೊಂದನ್ನು ಬಹುಮಾನವಾಗಿ ಕೊಡುತ್ತಿದ್ದ ಚಾಮರ್ಸ್ ಪ್ರಶಸ್ತಿ ಎವರ್ಸ್ ಪಾಲಾಯಿತು. ಎರಡನೆಯ ಸ್ಥಾನದಲ್ಲಿದ್ದವರು ಮರನ್‌ವಿಲ್.

ಹುಬ್ಬಳ್ಳಿಯ ಕ್ರಿಕೆಟ್ ತರಬೇತುದಾರ

ಇಷ್ಟು ದಿನ ಓದುಗನಾಗಿ ಮಾತ್ರ ಇದ್ದೆ, ಇಂದು ಬರೆಯಬೇಕೆನಿಸಿತು. ತರಬೇತುದಾರನಾಗಿ ನನ್ನ ಗಮನ ಸೆಳೆದದ್ದು ಸ್ಟಾಲಿಂಗ್ಸ್ ಹೊರ ಆವರಣದ ಆಟಗಾರರನ್ನು, ಅಂದರೆ ಔಟ್‌ಫೀಲ್ಡರ್‌ಗಳನ್ನು, ಬಳಸಿದ ರೀತಿ. ಅವರ ಬಳಿ ಹೆಸರಾಂತ ಔಟ್‌ಫೀಲ್ಡರ್ ಒಬ್ಬನೂ ಇರಲಿಲ್ಲ. ಆದ್ದರಿಂದ ಎದುರಾಳಿ ಪಿಚರ್ (ಚೆಂಡೆಸೆಯುವವನು) ಬಲಗೈಯವನಾದರೆ ಎಡಗೈ ಬ್ಯಾಟರ್‌ಗಳು, ಎಡಗೈಯವನಾದರೆ ಬಲಗೈ ಬ್ಯಾಟರ್‌ಗಳು ಆಡಬೇಕೆಂದು ಜೋಡಿ ಜೋಡಿಯಾಗಿ ಇಳಿಸಿದರು. ಎಡಗೈ ಬ್ಯಾಟರ್ ಜೋ ಕೊನೊಲಿ ಬಲಗೈ ಪಿಚರ್‌ಗಳ ಎದುರು ಆಡಿ, ಆ ಸೀಸನ್‌ನಲ್ಲಿ .306 ಬ್ಯಾಟಿಂಗ್ ಸರಾಸರಿ (ಸಾವಿರ ಅವಕಾಶಕ್ಕೆ 306 ಯಶಸ್ವಿ ಹೊಡೆತದ ಲೆಕ್ಕ) ಪಡೆದರು. ಬ್ಯಾಟರ್‌ನತ್ತ ಒಳಕ್ಕೆ ತಿರುಗುವ ಚೆಂಡು ಹೊರಕ್ಕೆ ತಿರುಗುವ ಚೆಂಡಿಗಿಂತ ಸುಲಭವೆಂಬುದು ಲೆಗ್‌ಸ್ಪಿನ್ ಆಡಿದ ಪ್ರತಿಯೊಬ್ಬರಿಗೂ ಗೊತ್ತಿರುವ ವಿಷಯವೇ. ಆದರೆ ಅದನ್ನು ಇಡೀ ಸೀಸನ್‌ನ ನಿಯಮವನ್ನಾಗಿ ಮಾಡಿ, ಚೆನ್ನಾಗಿ ಆಡುತ್ತಿರುವವನನ್ನೂ ಕೂರಿಸುವ ಧೈರ್ಯ ಆಗ ಯಾರಿಗಿತ್ತು? ಮೂವರು ಸಾಧಾರಣ ಆಟಗಾರರ ಬದಲಿಗೆ ಆರು ಮಂದಿಯ ಅರ್ಧರ್ಧ ಸಾಮರ್ಥ್ಯವನ್ನು ಕೂಡಿಸಿಕೊಂಡ ಹಾಗಾಯಿತು. ಪವಾಡ ಎನ್ನುವವರು ಇದನ್ನು ಗಮನಿಸಬೇಕು.

ಚೆಂಡೆಸೆತದ ಮಾತು ಬೇರೆ. ಅದರ ಬಗ್ಗೆ ನನಗೆ ಸ್ವಲ್ಪ ಬೇಸರವೂ ಇದೆ, ಅದನ್ನು ಮುಂದೆ ಬರೆಯುತ್ತೇನೆ.

ಬಾಸ್ಟನ್‌ನಲ್ಲಿರುವ ಕನ್ನಡತಿ

ನಾನು ಇರುವ ಊರಿನ ತಂಡದ ಬಗ್ಗೆ ಕನ್ನಡದಲ್ಲಿ ಇಷ್ಟು ಓದಲು ಸಿಕ್ಕಿದ್ದು ಸಂತೋಷ ತಂದಿತು. ಊರಿನ ಕಡೆಯಿಂದ ನಾಲ್ಕು ಮಾತು ಸೇರಿಸುತ್ತೇನೆ. ಬ್ರೇವ್ಸ್‌ನ ಸ್ವಂತ ಮೈದಾನ ಸೌತ್ ಎಂಡ್ ಗ್ರೌಂಡ್ಸ್ ಈಗಿನ ರಗಲ್ಸ್ ರೈಲು ನಿಲ್ದಾಣದ ಬಳಿ ಇತ್ತು. ತಂಡ ಗೆಲ್ಲತೊಡಗಿದ ಮೇಲೆ ಬಂದ ಜನಸಾಗರಕ್ಕೆ ಆ ಹಳೆಯ ಮೈದಾನ ಸಾಲಲಿಲ್ಲ. ಆಗ ಊರಿನ ಇನ್ನೊಂದು ತಂಡವಾದ ರೆಡ್ ಸಾಕ್ಸ್‌ನ ಮಾಲೀಕ ಜೋಸೆಫ್ ಲ್ಯಾನಿನ್ ತಮ್ಮ ಫೆನ್‌ವೇ ಪಾರ್ಕ್ ಮೈದಾನವನ್ನು ಆಡಲು ಕೊಟ್ಟರು. ಮುಂದೆ ಬ್ರೇವ್ಸ್ ಕೂಡ ಆ ಋಣ ತೀರಿಸಿತು: 1915 ಮತ್ತು 1916ರ ವರ್ಲ್ಡ್ ಸೀರೀಸ್‌ಗಳಲ್ಲಿ ರೆಡ್ ಸಾಕ್ಸ್ ತನ್ನ ತವರಿನ ಪಂದ್ಯಗಳನ್ನು ಆಡಿದ್ದು ಬ್ರೇವ್ಸ್‌ನ ಹೊಸ ಮೈದಾನದಲ್ಲಿ.

ಸೆಪ್ಟೆಂಬರ್ 7, ಇಲ್ಲಿನ ಕಾರ್ಮಿಕರ ದಿನ. ಜೈಂಟ್ಸ್ ಜೊತೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಪಂದ್ಯವಿತ್ತು. ಎರಡಕ್ಕೂ ಸೇರಿ 74,000ಕ್ಕೂ ಹೆಚ್ಚು ಜನ ಫೆನ್‌ವೇಗೆ ಬಂದರು. ಜಾಗ ಸಾಲದೆ ಜನ ಮೈದಾನದ ಅಂಚಿನೊಳಗೇ ನಿಂತಿದ್ದರು. ಬೆಳಗಿನ ಪಂದ್ಯದ ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಬ್ರೇವ್ಸ್ 4–3ರಿಂದ ಹಿಂದಿತ್ತು, ಚೆಂಡು ಎಸೆಯುತ್ತಿದ್ದವರು ಆ ಕಾಲದ ಮಹಾ ಪಿಚರ್ ಕ್ರಿಸ್ಟಿ ಮ್ಯಾಥ್ಯೂಸನ್. ಇಬ್ಬರು ಬೇಸ್ ಮೇಲಿದ್ದಾಗ ಎವರ್ಸ್ ಹೊಡೆದರು, ಇಬ್ಬರೂ ಓಡಿ ಬಂದರು, 5–4. ಮಧ್ಯಾಹ್ನದ ಪಂದ್ಯವನ್ನು ಜೈಂಟ್ಸ್ 10–1ರಿಂದ ಗೆದ್ದಿತು. ಅದರಲ್ಲಿ ಜೈಂಟ್ಸ್‌ನ ಫ್ರೆಡ್ ಸ್ನಾಡ್‌ಗ್ರಾಸ್ ಪ್ರೇಕ್ಷಕರನ್ನು ಅಣಕಿಸಿದ್ದಕ್ಕೆ ಬಾಟಲಿಗಳು ತೂರಿಬಂದವು, ನಗರದ ಮೇಯರ್ ಜೇಮ್ಸ್ ಮೈಕೆಲ್ ಕರ್ಲಿ ಅವರೇ ಮೈದಾನಕ್ಕಿಳಿದು ಆ ಆಟಗಾರನನ್ನು ಹೊರಹಾಕುವಂತೆ ಅಂಪೈರ್‌ರನ್ನು ಒತ್ತಾಯಿಸಿದರು. ಮರುದಿನ ಮೂರನೆಯ ಪಂದ್ಯ ಗೆದ್ದು ಮೊದಲ ಸ್ಥಾನಕ್ಕೆ ಬಂದ ಬ್ರೇವ್ಸ್ ಆಮೇಲೆ ಅದನ್ನು ಬಿಟ್ಟುಕೊಡಲೇ ಇಲ್ಲ. ಮತ್ತೊಂದು ದಿನ ಕಳೆದು, ಸೆಪ್ಟೆಂಬರ್ 9ರಂದು, ಜಾರ್ಜ್ ಡೇವಿಸ್ ಎಂಬ ಪಿಚರ್ ಫಿಲಡೆಲ್ಫಿಯಾ ಫಿಲ್ಲೀಸ್‌ಗೆ ಒಂದೂ ಹಿಟ್ (ಬ್ಯಾಟರ್‌ನನ್ನು ಬೇಸ್ ಮುಟ್ಟಿಸುವ ಹೊಡೆತ) ಕೊಡದೆ ಪಂದ್ಯ ಮುಗಿಸಿದರು.

ಮಂಗಳೂರಿನ ಹೊಸ ಸದಸ್ಯ

ಆಟ ಅಷ್ಟಾಗಿ ಗೊತ್ತಿಲ್ಲದವನ ಪ್ರಶ್ನೆ. ‘ಬ್ರೇವ್ಸ್’ ಎಂಬ ಹೆಸರು ಎಲ್ಲಿಂದ ಬಂತು? ಈಗ ಆ ತಂಡ ಬಾಸ್ಟನ್‌ನಲ್ಲಿ ಇಲ್ಲವಲ್ಲ?

ಬಾಸ್ಟನ್‌ನಲ್ಲಿರುವ ಕನ್ನಡತಿ

ಮಾಲೀಕ ಜೇಮ್ಸ್ ಗ್ಯಾಫ್ನಿ ನ್ಯೂಯಾರ್ಕ್‌ನ ಟ್ಯಾಮನಿ ಹಾಲ್ ಎಂಬ ರಾಜಕೀಯ ಕೂಟಕ್ಕೆ ಸೇರಿದವರು. ಆ ಕೂಟದ ಲಾಂಛನ ಅಮೆರಿಕದ ಮೂಲನಿವಾಸಿ ಮುಖಂಡನ ಚಿತ್ರವಾಗಿತ್ತು, 1912ರಲ್ಲಿ ತಂಡಕ್ಕೆ ಈ ಹೆಸರು ಬಂದದ್ದು ಅದರಿಂದ. ತಂಡ 1953ರಲ್ಲಿ ಮಿಲ್ವಾಕಿಗೂ 1966ರಲ್ಲಿ ಅಟ್ಲಾಂಟಾಗೂ ಹೋಯಿತು. ನಿಜವಾದ ಮೂಲನಿವಾಸಿ ಆಟಗಾರನಿದ್ದದ್ದು ಎದುರಾಳಿ ಅಥ್ಲೆಟಿಕ್ಸ್‌ನಲ್ಲಿ: ಒಜಿಬ್ವೆ ಸಮುದಾಯದ ಪಿಚರ್ ಚಾರ್ಲ್ಸ್ ಬೆಂಡರ್.

ಮೈಸೂರಿನ ಸದಸ್ಯ

ಬೆಂಡರ್ ಹೆಸರು ಬಂದದ್ದರಿಂದ ವರ್ಲ್ಡ್ ಸೀರೀಸ್ ಕಡೆಗೆ ಹೋಗೋಣ. ಮ್ಯಾನೇಜರ್ ಕಾನಿ ಮ್ಯಾಕ್ ಅವರ ಅಥ್ಲೆಟಿಕ್ಸ್ ಆ ವರ್ಷ 99 ಪಂದ್ಯ ಗೆದ್ದಿತ್ತು. ಮೆಕಿನಿಸ್, ಎಡ್ಡಿ ಕಾಲಿನ್ಸ್, ಬ್ಯಾರಿ, ಫ್ರ್ಯಾಂಕ್ ಬೇಕರ್ ಇದ್ದ ಅದರ ಇನ್‌ಫೀಲ್ಡ್‌ಗೆ, ಅಂದರೆ ಬೇಸ್‌ಗಳ ಬಳಿ ನಿಲ್ಲುವ ಆಟಗಾರರ ಗುಂಪಿಗೆ, ‘ಲಕ್ಷ ಡಾಲರ್ ಇನ್‌ಫೀಲ್ಡ್’ ಎಂದೇ ಹೆಸರು. ಬ್ರೇವ್ಸ್‌ನ ಸ್ಥಿತಿ ನೋಡಿದರೆ, ಆಗಸ್ಟ್‌ನಲ್ಲಿ ಬ್ರೂಕ್ಲಿನ್‌ನಿಂದ ತಂದ ಮೂರನೆಯ ಬೇಸಿನ ರೆಡ್ ಸ್ಮಿತ್ ಸೀಸನ್‌ನ ಕೊನೆಯಲ್ಲಿ ಕಾಲು ಮುರಿದುಕೊಂಡಿದ್ದರು, ಅವರ ಜಾಗಕ್ಕೆ ಬದಲಿ ಆಟಗಾರ ಚಾರ್ಲಿ ಡೀಲ್ ಬರಬೇಕಾಯಿತು.

ಅಕ್ಟೋಬರ್ 9ರಂದು ಫಿಲಡೆಲ್ಫಿಯಾದಲ್ಲಿ ಡಿಕ್ ರುಡಾಲ್ಫ್ ಎಸೆತದಲ್ಲಿ ಬ್ರೇವ್ಸ್ 7–1ರಿಂದ ಗೆದ್ದಿತು. ಮರುದಿನ ಬಿಲ್ ಜೇಮ್ಸ್ ಮತ್ತು ಎಡ್ಡಿ ಪ್ಲಾಂಕ್ ಎಂಟು ಇನ್ನಿಂಗ್ಸ್ ಪರಸ್ಪರ ಒಂದು ರನ್ನೂ ಬಿಟ್ಟುಕೊಡಲಿಲ್ಲ. ಒಂಬತ್ತನೆಯದರಲ್ಲಿ ಅದೇ ಬದಲಿ ಆಟಗಾರ ಡೀಲ್ ಎರಡು ಬೇಸಿನ ಹೊಡೆತ ಹೊಡೆದು, ಮೂರನೆಯ ಬೇಸನ್ನು ಕದ್ದು, ಲೆಸ್ ಮ್ಯಾನ್ ಹೊಡೆತಕ್ಕೆ ಓಡಿ ಬಂದರು. ಕೊನೆಯಲ್ಲಿ ಅಥ್ಲೆಟಿಕ್ಸ್‌ನ ಇಬ್ಬರು ಬೇಸ್ ಮೇಲಿದ್ದಾಗ ಮರನ್‌ವಿಲ್ ಚೆಂಡನ್ನು ಹಿಡಿದು, ಎರಡನೆಯ ಬೇಸ್ ಮುಟ್ಟಿ, ಮೊದಲನೆಯದಕ್ಕೆ ಎಸೆದು ಇಬ್ಬರನ್ನು ಔಟ್ ಮಾಡಿದರು. 1–0.

ಅಕ್ಟೋಬರ್ 12ರಂದು ಫೆನ್‌ವೇಯಲ್ಲಿ ನಡೆದ ಮೂರನೆಯ ಪಂದ್ಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಂಬತ್ತು ಇನ್ನಿಂಗ್ಸ್‌ಗೆ 2–2. ಹತ್ತನೆಯದರಲ್ಲಿ ಬೇಸ್‌ಗಳೆಲ್ಲ ತುಂಬಿದ್ದಾಗ ಬೇಕರ್ ಹೊಡೆದ ಬಿರುಸಿನ ಚೆಂಡು ಎವರ್ಸ್ ಬಳಿ ಬಂತು. ಅವರು ಅದನ್ನು ಸಕಾಲಕ್ಕೆ ಸ್ವಚ್ಛವಾಗಿ ಹಿಡಿಯಲಾಗಲಿಲ್ಲ, ಒಂದು ರನ್ ಹೋಯಿತು. ತಮ್ಮ ಮೇಲೆ ತಮಗೇ ಬಂದ ಸಿಟ್ಟಿನಲ್ಲಿ ಎವರ್ಸ್ ಚೆಂಡನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟರು. ಅದನ್ನು ಕಂಡ ಎರಡನೆಯ ಓಟಗಾರನೂ ಓಡಿ ರನ್ ಗಳಿಸಿದನು. ಲೀಗ್‌ನಲ್ಲೇ ಅತಿ ಚುರುಕು ಬುದ್ಧಿಯವರೆಂದು ಹೆಸರಾದವರು ಅವರು. 1908ರಲ್ಲಿ ಜೈಂಟ್ಸ್‌ನ ಫ್ರೆಡ್ ಮರ್ಕಲ್ ಎರಡನೆಯ ಬೇಸ್ ಮುಟ್ಟದೆ ಹೊರಟದ್ದನ್ನು ಗಮನಿಸಿ ಚೆಂಡು ತರಿಸಿಕೊಂಡು ಔಟ್ ಕೇಳಿದವರು. ಅಂಥವರಿಂದಲೇ ಈ ಮರೆವು! 4–2. ಆದರೆ ಅದೇ ಇನ್ನಿಂಗ್ಸ್‌ನ ಉತ್ತರಾರ್ಧದಲ್ಲಿ ಕ್ಯಾಚರ್ ಹ್ಯಾಂಕ್ ಗೌಡಿ ಆ ಸೀರೀಸ್‌ನ ಏಕೈಕ ಹೋಮ್ ರನ್ ಹೊಡೆದರು, ಔಟ್‌ಫೀಲ್ಡರ್ ಮೊರಾನ್ ಬೇಸ್ ಸೇರಿದರು, ಎವರ್ಸ್ ತಾವೇ ಹಿಟ್ ಹೊಡೆದು ಅವರನ್ನು ಮುಂದಕ್ಕೆ ಕಳಿಸಿದರು, ಕೊನೊಲಿ ಹೊಡೆತಕ್ಕೆ ಪಂದ್ಯ ಮತ್ತೆ ಸಮವಾಯಿತು. ಬೆಳಕು ಮಾಸುತ್ತಿದ್ದಾಗ, ಹನ್ನೆರಡನೆಯ ಇನ್ನಿಂಗ್ಸ್‌ನಲ್ಲಿ ಮೊರಾನ್ ಮಾಡಿದ ಬಂಟ್ (ಬ್ಯಾಟ್‌ನಿಂದ ಮೆಲ್ಲನೆ ತಟ್ಟಿದ ಚೆಂಡು) ಹಿಡಿದ ಅಥ್ಲೆಟಿಕ್ಸ್‌ನ ಪಿಚರ್ ಜೋ ಬುಷ್ ಮೂರನೆಯ ಬೇಸಿನತ್ತ ಎಸೆದ ಚೆಂಡು ದಾರಿ ತಪ್ಪಿ, ಗೆಲುವಿನ ರನ್ ಬಂತು. 5–4. ಮರುದಿನ 3–1. ಗೌಡಿ ಅವರ ಬ್ಯಾಟಿಂಗ್ ಸರಾಸರಿ .545.

ಬೆಂಗಳೂರಿನ ಸದಸ್ಯೆ

ಹನ್ನೆರಡನೆಯ ಇನ್ನಿಂಗ್ಸ್‌ನ ಆ ತಪ್ಪು ಎಸೆತ ಅದೃಷ್ಟವಲ್ಲದೆ ಇನ್ನೇನು?

ಶಿವಮೊಗ್ಗದ ನಿವೃತ್ತ ಗಣಿತ ಶಿಕ್ಷಕ

ಆ ಎಸೆತ ಅದೃಷ್ಟವೇ ಸರಿ, ಒಪ್ಪಿದೆ. ಆದರೆ ನಾಲ್ಕು ಪಂದ್ಯಗಳಲ್ಲಿ ಬ್ರೇವ್ಸ್ ಗಳಿಸಿದ್ದು 16 ರನ್, ಕೊಟ್ಟದ್ದು 6. ಆ ಒಂದು ಎಸೆತವನ್ನು ತೆಗೆದಿಟ್ಟರೂ ಇಷ್ಟು ದೊಡ್ಡ ಅಂತರ ಅಳಿಸುವುದಿಲ್ಲ. ಮುಂದಿನ ವರ್ಷಗಳನ್ನೂ ನೋಡಿ: 1915ರಲ್ಲಿ ಬ್ರೇವ್ಸ್‌ಗೆ ಎರಡನೆಯ ಸ್ಥಾನ, 1916ರಲ್ಲಿ ಮೂರನೆಯ ಸ್ಥಾನ. ಬರೀ ಅದೃಷ್ಟದಿಂದ ಎದ್ದ ತಂಡ ಮರುವರ್ಷವೇ ತಳಕ್ಕೆ ಬೀಳಬೇಕಿತ್ತು. ಹಾಗೆ ಬಿದ್ದದ್ದು ಅಥ್ಲೆಟಿಕ್ಸ್. ಮ್ಯಾಕ್ ಕಾಲಿನ್ಸ್‌ರನ್ನು ಶಿಕಾಗೊಗೆ ಮಾರಿದರು, ಬೆಂಡರ್ ಮತ್ತು ಪ್ಲಾಂಕ್ ಫೆಡರಲ್ ಲೀಗ್‌ಗೆ ಹೋದರು, 1915ರಲ್ಲಿ ಆ ತಂಡ 43 ಗೆದ್ದು 109 ಸೋತಿತು. ಅಲ್ಲಿಂದ ಸತತ ಏಳು ವರ್ಷ ಅದಕ್ಕೆ ಕೊನೆಯ ಸ್ಥಾನ.

ಹುಬ್ಬಳ್ಳಿಯ ಕ್ರಿಕೆಟ್ ತರಬೇತುದಾರ

ಈಗ ನನ್ನ ಬೇಸರದ ವಿಷಯ. ಬ್ರೇವ್ಸ್‌ನ 94 ಗೆಲುವುಗಳಲ್ಲಿ ರುಡಾಲ್ಫ್ 26, ಜೇಮ್ಸ್ 26, ಎಡಗೈ ಪಿಚರ್ ಜಾರ್ಜ್ ಟೈಲರ್ 16 ಗೆದ್ದುಕೊಟ್ಟರು. ರುಡಾಲ್ಫ್ 336, ಜೇಮ್ಸ್ 332 ಇನ್ನಿಂಗ್ಸ್ ಎಸೆದರು. ವರ್ಲ್ಡ್ ಸೀರೀಸ್‌ನ 39 ಇನ್ನಿಂಗ್ಸ್‌ಗಳಲ್ಲೂ ಚೆಂಡು ಹಿಡಿದವರು ಈ ಮೂವರೇ. ನಾಲ್ಕನೆಯವನ ಅಗತ್ಯವೇ ಬೀಳಲಿಲ್ಲ. ರುಡಾಲ್ಫ್ ವೇಗಕ್ಕಿಂತ ಜಾಣತನವನ್ನು ನಂಬಿದವರು, ಉಗುಳು ಹಚ್ಚಿದ ಚೆಂಡು ಆಗ ನಿಯಮಬದ್ಧವಾಗಿತ್ತು, ಅದನ್ನೂ ಚೆನ್ನಾಗಿ ಬಳಸಿದರು. ಜೇಮ್ಸ್ ಹಾಗಲ್ಲ. 22 ವರ್ಷದ ಎತ್ತರದ ಹುಡುಗ, ಭುಜದ ಪೂರ್ತಿ ಬಲ ಹಾಕಿ ಎಸೆಯುವವರು. 26 ಗೆಲುವಿಗೆ 7 ಸೋಲು. ವರ್ಲ್ಡ್ ಸೀರೀಸ್‌ನಲ್ಲಿ 11 ಇನ್ನಿಂಗ್ಸ್ ಎಸೆದು ಒಂದು ರನ್ನೂ ಕೊಡಲಿಲ್ಲ.

ವೇಗವಾಗಿ ಬೌಲ್ ಮಾಡುವ ಹುಡುಗರ ಭುಜವನ್ನು ನಾನು ದಿನಾ ನೋಡುತ್ತೇನೆ. ನೋವಿದ್ದರೂ ಇಲ್ಲ ಎನ್ನುತ್ತಾರೆ, ಅಂಗಿ ಹಾಕಿಕೊಳ್ಳುವಾಗ ಕೈ ಎತ್ತುವ ರೀತಿಯಿಂದ ಗೊತ್ತಾಗುತ್ತದೆ. 1915ರಲ್ಲಿ ಜೇಮ್ಸ್ ಗೆದ್ದದ್ದು 5 ಪಂದ್ಯ ಮಾತ್ರ. ಅಲ್ಲಿಗೆ ಅವರ ತೋಳು ಮುಗಿದಿತ್ತು. 1919ರಲ್ಲಿ ಬ್ರೇವ್ಸ್‌ಗಾಗಿ ಒಂದೇ ಒಂದು ಪಂದ್ಯದಲ್ಲಿ ಚೆಂಡು ಹಿಡಿದರು, ಅದೇ ಕೊನೆ. ಇಡೀ ವೃತ್ತಿಜೀವನದ 37 ಗೆಲುವುಗಳಲ್ಲಿ 26 ಒಂದೇ ವರ್ಷದವು. ಆದ್ದರಿಂದ ಮೈಸೂರಿನ ಸದಸ್ಯರೇ, ಪವಾಡ ಎಂಬ ಮಾತಿಗೆ ನನ್ನ ವಿರೋಧ ನಿಮ್ಮದಕ್ಕಿಂತ ಗಟ್ಟಿಯಾದದ್ದು. ಪವಾಡಕ್ಕೆ ಯಾರೂ ಬೆಲೆ ತೆರಬೇಕಾಗಿಲ್ಲ. ಇದಕ್ಕೆ ಒಬ್ಬ ಹುಡುಗ ತನ್ನ ತೋಳನ್ನೇ ತೆತ್ತ.

ಮೈಸೂರಿನ ಸದಸ್ಯ

ಜೇಮ್ಸ್ ಅವರ 26–7 ಎಂಬ ಅಂಕಿಯನ್ನು ನಾನು ಎಷ್ಟೋ ಸಲ ಮೆಚ್ಚಿ ಬರೆದಿದ್ದೇನೆ, ಅದರ ಮರುವರ್ಷದ ಸಾಲನ್ನು ಪಕ್ಕದಲ್ಲಿಟ್ಟು ಬರೆದಿರಲಿಲ್ಲ. ನನ್ನ ಮೊದಲ ಬರಹದಲ್ಲಿ ಸ್ಟಾಲಿಂಗ್ಸ್ ಅವರನ್ನು ಹೊಗಳಿದ್ದಕ್ಕೆ ಇದನ್ನೂ ಸೇರಿಸಿಕೊಳ್ಳಬೇಕು. ಔಟ್‌ಫೀಲ್ಡರ್‌ಗಳನ್ನು ಪಾಳಿಯಲ್ಲಿ ಆಡಿಸಿದ ಅದೇ ಮ್ಯಾನೇಜರ್ ಪಿಚರ್‌ಗಳಿಗೆ ಆ ಪಾಳಿಯನ್ನು ಕೊಡಲಿಲ್ಲ.

ಬಾಸ್ಟನ್‌ನಲ್ಲಿರುವ ಕನ್ನಡತಿ

ಬ್ರೇವ್ಸ್ 1915ರ ಆಗಸ್ಟ್‌ನಲ್ಲಿ ತೆರೆದ ಹೊಸ ಮೈದಾನ ಈಗ ಬಾಸ್ಟನ್ ವಿಶ್ವವಿದ್ಯಾಲಯದ ನಿಕರ್‌ಸನ್ ಫೀಲ್ಡ್. ಹಳೆಯ ಕಟ್ಟಡದಲ್ಲಿ ಬಲಬದಿಯ ಮೆಟ್ಟಿಲು ಗ್ಯಾಲರಿಯ ಭಾಗ ಇನ್ನೂ ಉಳಿದಿದೆ. ನಿಮ್ಮ ಬರಹ ಓದಿದ ಮೇಲೆ ನಿನ್ನೆ ಸಂಜೆ ಅಲ್ಲಿಗೆ ಹೋಗಿ ಕುಳಿತಿದ್ದೆ. ಕೆಳಗೆ ವಿದ್ಯಾರ್ಥಿಗಳು ಫುಟ್‌ಬಾಲ್ ಆಡುತ್ತಿದ್ದರು. 26 ಪಂದ್ಯ ಗೆದ್ದ ಮರುವರ್ಷ, ತೋಳು ಮುಗಿದ ಆ ಜೇಮ್ಸ್ ಹೊಚ್ಚಹೊಸದಾದ ಈ ಮೈದಾನವನ್ನು ಯಾವ ಮನಸ್ಸಿನಿಂದ ನೋಡಿರಬಹುದು ಎಂದು ಯೋಚಿಸುತ್ತ ಕತ್ತಲಾಗುವವರೆಗೂ ಕುಳಿತಿದ್ದೆ.